ಸಿರುಗುಪ್ಪದ ಬೀಗರು ಮತ್ತು ಹೊಗೆ ಬಾರದ ಚಿಮಣಿ

ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ಸ್ಥಾವರದಲ್ಲಿ ಇಪ್ಪತ್ತೆಂಟು ವರ್ಷ ಕೂತವನಿಗೆ ನಗುವುದಕ್ಕೆ ಬೇರೆ ಕಡೆ ಹೋಗುವ ಅಗತ್ಯ ಬೀಳುವುದಿಲ್ಲ. ವಾರಕ್ಕೊಂದಾದರೂ ನಗುವಂಥದ್ದು ನಡೆದೇ ನಡೆಯುತ್ತದೆ. ನನ್ನ ಕೆಲಸ ಬಾಯ್ಲರ್ ಹತ್ತಿರದ್ದಲ್ಲ, ಕಾಗದದ್ದು. ನಮ್ಮ ಕರೆಂಟು ಎಷ್ಟಕ್ಕೆ ಬಿತ್ತು, ನಾಳೆ ಅದನ್ನು ಯಾರಾದರೂ ಕೇಳುತ್ತಾರೋ ಇಲ್ಲವೋ, ಇಷ್ಟು ನೋಡುವುದು. ಇಲ್ಲಿ ಹೇಳುವುದೆಲ್ಲ ಒಂದೇ ಮದುವೆಯ ಸುತ್ತ ನಡೆದದ್ದು. ಆ ಮದುವೆ ಮುರಿದು ಬೀಳುವುದರಲ್ಲಿತ್ತು. ಕಾರಣ ವಿದ್ಯುತ್ ಉದ್ಯಮದ ಅರ್ಥಶಾಸ್ತ್ರ ಎಂದರೆ ಬಳ್ಳಾರಿಯಲ್ಲಿ ಈಗಲೂ ಯಾರೂ ನಂಬುವುದಿಲ್ಲ.

೧. ತಪ್ಪು ಯಾರದು?

ನಮ್ಮ ಪಾರ್ವತಿನಗರದಲ್ಲಿ ಕರೆಂಟು ಹೋದ ಕೂಡಲೇ ಎದುರು ಮನೆಯ ನಿವೃತ್ತ ಮೇಷ್ಟ್ರು ನನ್ನ ಗೇಟು ಬಡಿಯುತ್ತಾರೆ.

"ಯಾಕ್ರಿ ಸಾಹೇಬ್ರ, ಬರೋಮುಂದ ಆರಿಸಿ ಬಂದ್ರೇನು?"

ಒಂದು ದಿನ ಅವರನ್ನು ಕೂರಿಸಿ ಬಿಡಿಸಿ ಹೇಳಿದೆ. ಕರೆಂಟು ಮಾಡುವುದು ಮಾತ್ರ ನಾವು, ದೊಡ್ಡ ತಂತಿಯಲ್ಲಿ ಸಾಗಿಸುವವರು ಬೇರೆ, ಮನೆಗೆ ಕೊಡುವವರು ಮತ್ತೂ ಬೇರೆ. ಮೂಲೆಯ ಟ್ರಾನ್ಸ್‌ಫಾರ್ಮರ್ ಸುಟ್ಟರೆ ನಾನೇನು ಮಾಡಲಿ?

ಮೇಷ್ಟ್ರು ಪೂರ್ತಿ ಕೇಳಿದರು. "ಅಂದ್ರ ಇದು ನಿಮ್ಮ ತಪ್ಪಲ್ಲ."

"ಅಲ್ರಿ."

"ಸಾಗಿಸೋರ ತಪ್ಪೂ ಅಲ್ಲ."

"ಅವರದೂ ಅಲ್ರಿ."

"ಕೊಡೋರನ್ನ ಕೇಳಿದ್ರ ಅವರೂ ನಮ್ಮದಲ್ಲ ಅಂತಾರ. ಹಂಗಾರ ಬಿಲ್ ಕಟ್ಟಿದ್ದು ನನ್ನದೇ ತಪ್ಪು" ಎಂದು ಎದ್ದು ಹೋದರು.

ಮೇಷ್ಟ್ರು ಇದನ್ನು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು. ಅದು ಹೇಗೋ ತಿರುಗಿ, ನಾನು ಎಂಥವರಿಗೂ ತಿಳಿಯುವ ಹಾಗೆ ಹೇಳುತ್ತೇನೆ ಎಂಬ ಖ್ಯಾತಿಯಾಗಿ ನಮ್ಮ ಸ್ಥಾವರ ತಲುಪಿತು. ಅದರಿಂದಲೇ ಮುಂದಿನದೆಲ್ಲ ನನ್ನ ಕೊರಳಿಗೆ ಬಿತ್ತು.

೨. ಮಿಲ್ಲಿನವರ ಅಳತೆ

ನಮ್ಮ ಕಂಟ್ರೋಲ್ ರೂಮಿನಲ್ಲಿ ಕುರುಗೋಡಿನ ಇಂಜಿನಿಯರ್ ಒಬ್ಬನಿದ್ದಾನೆ. ವಯಸ್ಸು ಮೂವತ್ತೊಂದು, ಒಳ್ಳೆಯವನು. ಅವನಿಗೆ ಸಿರುಗುಪ್ಪದ ಅಕ್ಕಿ ಮಿಲ್ಲಿನ ಸಾಹುಕಾರರ ದೊಡ್ಡ ಮಗಳ ಸಂಬಂಧ ಕೂಡಿ ಬಂದಿತ್ತು. ಹುಡುಗಿಗೆ ಹುಡುಗ ಒಪ್ಪಿಗೆ, ಹುಡುಗನಿಗೆ ಹುಡುಗಿ ಎರಡು ಪಟ್ಟು ಒಪ್ಪಿಗೆ. ಅಷ್ಟರಲ್ಲಿ ಒಂದು ಬೆಳಿಗ್ಗೆ ಅವನು ನನ್ನ ಟೇಬಲ್ ಮುಂದೆ ಸಪ್ಪೆ ಮುಖ ಹಾಕಿಕೊಂಡು ನಿಂತ.

"ಸಾರ್, ಸಂಬಂಧ ಮುರೀತೈತಿ."

"ಯಾಕೋ? ಜಾತಕ ಕೂಡಲಿಲ್ಲೇನು?"

"ಜಾತಕ ಕೂಡೈತ್ರಿ. ಚಿಮಣಿ ಕೂಡವಲ್ದು."

ವಿಷಯ ಇಷ್ಟು. ಆ ಸಾಹುಕಾರರ ಮನೆತನದಲ್ಲಿ ಹೆಣ್ಣು ಕೊಡುವ ಮುಂಚೆ ಗಂಡಿನವರ ಮಿಲ್ಲಿನ ಚಿಮಣಿ ನೋಡಿ ಬರುವ ರೂಢಿ. ಹೊಗೆ ಬಂದರೆ ವ್ಯಾಪಾರ ನಡೆದಿದೆ, ಬಾರದಿದ್ದರೆ ಮನೆಯಲ್ಲಿ ಏನೋ ಎಡವಟ್ಟಿದೆ ಎಂದು ಅರ್ಥ. ಅದೇ ರೂಢಿಯ ಪ್ರಕಾರ ಸಾಹುಕಾರರು ಯಾರಿಗೂ ಹೇಳದೆ ಮೂರು ಸಲ ಬಸ್ಸು ಹತ್ತಿ ಬಂದು, ನಮ್ಮ ಗೇಟಿನ ಎದುರಿನ ಚಾದಂಗಡಿಯಲ್ಲಿ ಕೂತು ಕತ್ತೆತ್ತಿ ನೋಡಿದ್ದರು. ಮೂರು ಸಲವೂ ಅಷ್ಟೆತ್ತರದ ಚಿಮಣಿಯಿಂದ ಒಂದು ಎಳೆ ಹೊಗೆಯೂ ಬಂದಿರಲಿಲ್ಲ.

"ಸರಕಾರದ ನೌಕರಿ ಐತ್ರಿ ಅಂದೆ ಸಾರ್. 'ಬಂದ್ ಬಿದ್ದ ಸರಕಾರಿ ಕಾರ್ಖಾನಿ ಎಷ್ಟು ನೋಡಿಲ್ಲ ನಾನು' ಅಂದ್ರು. ನೀವು ಒಮ್ಮೆ ಬಂದು ತಿಳಿಸಿ ಹೇಳ್ರಿ."

೩. ಸಿರುಗುಪ್ಪದಲ್ಲಿ ಪಾಠ

ಹೋದೆ. ಹಣೆ ತುಂಬ ವಿಭೂತಿ ಹಚ್ಚಿಕೊಂಡು ಸಾಹುಕಾರರು ಮಿಲ್ಲಿನ ಕಟ್ಟೆಯ ಮೇಲೆ ಕೂತಿದ್ದರು. ಹಿಂದುಗಡೆ ಅವರ ಚಿಮಣಿ, ನನಗೆ ತೋರಿಸಲಿಕ್ಕೆಂದೇ ಎನ್ನುವ ಹಾಗೆ, ಭರ್ತಿ ಹೊಗೆ ಬಿಡುತ್ತಿತ್ತು.

ಬೆಂಗಳೂರಿನಲ್ಲಿ ಒಂದು ಕಚೇರಿ ಇದೆ, ಯಾವ ಸ್ಥಾವರ ಯಾವಾಗ ಓಡಬೇಕು ಎಂದು ಅವರು ಹೇಳುತ್ತಾರೆ, ಯಾರ ಕರೆಂಟು ಅಗ್ಗವೋ ಅವರಿಗೆ ಮೊದಲ ಕರೆ, ಆಷಾಢದ ಗಾಳಿಗೆ ಗಾಳಿಯಂತ್ರಗಳು ತಿರುಗುತ್ತವೆ, ಅಣೆಕಟ್ಟು ತುಂಬುತ್ತಿದೆ, ಹಗಲಿಗೆ ಬಿಸಿಲಿನ ಕರೆಂಟು ಇದೆ, ನಮ್ಮದು ತುಟ್ಟಿ, ಹಾಗಾಗಿ ನಮ್ಮನ್ನು ಈಗ ಕರೆಯುವುದಿಲ್ಲ ಎಂದೆ.

"ತುಟ್ಟಿ ಯಾಕ?"

"ಕಲ್ಲಿದ್ದಲು ದೂರದಿಂದ ಬರತೈತ್ರಿ. ರೈಲಿನ ಬಾಡಿಗಿನ ಭಾಳ ಆಗತೈತಿ."

"ರಾರಾವಿ ಊರಿನ ಭತ್ತ ಇಲ್ಲೇ ಮಗ್ಗಲಾಗ ಐತಿ. ಅದನ್ನ ಬಿಟ್ಟು ನಾನು ಬಂಗಾಳದಿಂದ ಭತ್ತ ತರಿಸಿದ್ರ ನೀವು ಏನಂತೀರಿ?"

ಕೈಯಲ್ಲಿದ್ದ ಬ್ರಹ್ಮಾಸ್ತ್ರವನ್ನೇ ಬಿಟ್ಟೆ. "ನಾವು ಓಡದಿದ್ರೂ ದುಡ್ಡು ಬರತೈತ್ರಿ. ಕೇಳಿದಾಗ ಓಡಾಕ ತಯಾರು ಅದೀವಿ ಅನ್ನೋದಕ್ಕ ಒಂದು ಕಾಯಂ ಶುಲ್ಕ ಅಂತ ಕೊಡ್ತಾರ. ಹುಡುಗನ ಪಗಾರಕ್ಕ ಏನೂ ಧೋಕಾ ಇಲ್ಲ."

ಸಾಹುಕಾರರು ಹಿಂದಿನ ತಮ್ಮ ಚಿಮಣಿಯ ಕಡೆ ಕೈ ತೋರಿಸಿದರು. "ಹೋದ ವರ್ಷ ನನ್ನ ಮಿಲ್ಲು ಒಂದು ತಿಂಗಳು ನಿಂತಿತ್ತು. ನಾನೂ ತಯಾರೇ ಇದ್ದೆ. ಯಾವನೂ ಒಂದು ಕಪ್ ಚಾ ಕುಡಸಲಿಲ್ಲ."

ಕೊನೆಗೆ ಒಂದು ಮಾತಿಗೆ ಬಂದರು. "ದೀಪಾವಳಿ ತನಕ ನೋಡ್ತೀನಿ. ಹೊಗಿ ಕಂಡ ದಿನಾನ ನಿಶ್ಚಯ. ಇಲ್ಲಾಂದ್ರ ಗಂಗಾವತಿ ಕಡೆ ಒಂದು ಸಂಬಂಧ ಐತಿ. ಅವರ ಚಿಮಣಿ ನೋಡಿ ಬಂದೀನಿ, ಹೊಗಿಗೆ ಕಣ್ಣು ಬಿಡಾಕ ಆಗವಲ್ದು."

೪. ಮೋಡ ಬೇಕು, ಮಳೆ ಬೇಡ

ಅಲ್ಲಿಂದ ಹುಡುಗನ ಪಾಡು ಯಾರಿಗೂ ಬೇಡ. ಬೆಂಗಳೂರಿನಿಂದ ಕರೆ ಬರಬೇಕಾದರೆ ಬಿಸಿಲು ಮರೆಯಾಗಲು ಮೋಡ ಬೇಕು, ಅಣೆಕಟ್ಟು ತುಂಬಬಾರದು ಎಂದರೆ ಮಳೆ ಬೇಡ, ಗಾಳಿಯಂತೂ ಬೇಡವೇ ಬೇಡ. ರಜೆಗೆ ಕುರುಗೋಡಿಗೆ ಹೋದಾಗೆಲ್ಲ ಕಟ್ಟೆಯ ಮೇಲೆ ಕೂತು ಆಕಾಶ ನೋಡುವುದೇ ಕೆಲಸವಾಯಿತು.

ಹೊಲದಲ್ಲಿ ಮೆಣಸಿನಕಾಯಿ ಹಚ್ಚಿ ಮಳೆಗೆ ಕಾಯುತ್ತಿದ್ದ ಪಕ್ಕದ ಮನೆಯ ಹಿರಿಯರು ಬಂದು ಆಸೆಯಿಂದ ಕೇಳಿದರು. "ಮಾಡ ಆಗೇತಪ್ಪ. ಬರ್ತೈತಿ ಅಂತೀಯೇನು?"

"ಮಾಡ ಇರ್ಲಿ ಕಾಕಾ. ಮಳಿ ಮಾತ್ರ ಬ್ಯಾಡ."

ಸಂಜೆಯೊಳಗೆ ಹುಡುಗನಿಗೆ ಏನೋ ಗಾಳಿ ಸೋಕಿದೆ ಎಂದು ಓಣಿಯೆಲ್ಲ ಸುದ್ದಿ. ಅವನ ಅವ್ವ ಹೆದರಿ ಅವನನ್ನು ದೊಡ್ಡಬಸಪ್ಪನ ಗುಡಿಗೆ ಎಳೆದುಕೊಂಡು ಹೋದರು. ಅವನು ಕಣ್ಣು ಮುಚ್ಚಿ ಬಹಳ ಹೊತ್ತು ಕೈ ಮುಗಿದು ನಿಂತ.

"ಏನಂತ ಬೇಡಿಕೊಂಡಿ?" ಎಂದರು ಅವ್ವ.

"ಬೆಂಗಳೂರಿಂದ ಫೋನ್ ಬರ್ಲಿ ಅಂತ."

ಅವ್ವ ಅಲ್ಲೇ ತಲೆಗೆ ಕೈ ಹಚ್ಚಿ ಕೂತರು. "ಹೆಣ್ಣು ಸಿರುಗುಪ್ಪದಾಗ ಐತಿ. ಬೆಂಗಳೂರಾಗ ಯಾಕಿ ಅದಾಳಲೇ?"

೫. ಹೊಗೆ ಬಂತು

ದಸರೆ ಮುಗಿದ ಮೇಲೆ ಗಾಳಿ ನಿಂತಿತು, ಹೊಲದ ಪಂಪುಗಳು ಶುರುವಾದವು, ಬೆಂಗಳೂರಿನಿಂದ ಕರೆಯೂ ಬಂತು. ಯೂನಿಟ್ ಓಡತೊಡಗಿದ ಮರುದಿನ ಹುಡುಗ ಸಿರುಗುಪ್ಪಕ್ಕೆ ಫೋನ್ ಹಚ್ಚಿದ. ಹತ್ತು ಗಂಟೆಗೆಲ್ಲ ಸಾಹುಕಾರರು ಹೆಂಡತಿ, ಮಗಳ ಸಮೇತ ಜೀಪಿನಲ್ಲಿ ಬಂದು ಚಾದಂಗಡಿ ಮುಂದೆ ಇಳಿದರು. ನಾನು ಸ್ವಾಗತಕ್ಕೆ ಹೋದೆ.

"ಎಲ್ಲೈತ್ರಿ ಹೊಗಿ?"

ಕತ್ತೆತ್ತಿ ನೋಡಿದೆ. ಆಕಾಶ ನಿರ್ಮಲವಾಗಿತ್ತು. ಬೂದಿ ಹಿಡಿಯುವ ಯಂತ್ರ ಆವತ್ತು ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಿತ್ತು.

"ಪೂರ್ತಿ ಓಡಾಕತ್ತೈತ್ರಿ. ಚಲೋ ಓಡಿದ್ರ ಹೊಗಿ ಕಾಣಂಗಿಲ್ಲ" ಎಂದೆ. ಹೇಳುವಾಗಲೇ ಅದು ಹೇಗೆ ಕೇಳಿಸುತ್ತಿದೆ ಎಂದು ನನಗೇ ಗೊತ್ತಾಯಿತು.

"ನಿಂತ್ರೂ ಹೊಗಿ ಇಲ್ಲ, ಓಡಿದ್ರೂ ಹೊಗಿ ಇಲ್ಲ. ನಾನು ಏನು ನೋಡಿ ನಂಬ್ಲಿ ಸಾಹೇಬ್ರ? ಚಾ ಕುಡಿದು ಹೊಂಡ್ತೀವಿ." ಮಗಳ ಕಣ್ಣಲ್ಲಿ ನೀರು ಬಂತು. ನಿಜಕ್ಕೂ ನನಗೆ ಸಂಕಟವಾಯಿತು.

ಇತ್ತ ಕಂಟ್ರೋಲ್ ರೂಮಿನ ಗೋಡೆಯ ಪರದೆಗಳಲ್ಲಿ ಒಂದರಲ್ಲಿ ಗೇಟಿನ ಹೊರಗಿನ ದೃಶ್ಯ ಕಾಣುತ್ತದೆ. ಆವತ್ತು ಪಾಳಿಯಲ್ಲಿದ್ದ ನಮ್ಮ ಹುಡುಗ ಅದರಲ್ಲಿ ಜೀಪು ನೋಡಿದ. ಹುಡುಗಿಯನ್ನೂ ನೋಡಿದ. ಆಕೆ ಕಣ್ಣೊರೆಸಿಕೊಂಡದ್ದನ್ನೂ ನೋಡಿದ. ನೋಡದೇ ಹೋದದ್ದು ಬಾಯ್ಲರಿನ ನೀರಿನ ಮಟ್ಟ ಒಂದೇ. ಎಚ್ಚರಿಕೆಯ ಗಂಟೆ ಕೇಳಿ ಇವನು ತಿರುಗುವುದರೊಳಗೆ ಯೂನಿಟ್ ತಾನಾಗಿಯೇ ನಿಂತುಹೋಯಿತು. ಹೆಚ್ಚಾದ ಉಗಿ ಹೊರಗೆ ನುಗ್ಗಿದ ಸದ್ದಿಗೆ ಸಾಹುಕಾರರ ಕೈಯ ಚಾ ಪಂಚೆಯ ಮೇಲೆ ಚೆಲ್ಲಿತು.

ನಿಂತ ಬಾಯ್ಲರನ್ನು ಮತ್ತೆ ಹಚ್ಚಬೇಕಾದರೆ ಬೂದಿ ಹಿಡಿಯುವ ಯಂತ್ರ ಆರಿಸಿ ಮೊದಲು ಎಣ್ಣೆ ಸುಡಬೇಕು. ನಮ್ಮ ಉದ್ಯಮದಲ್ಲಿ ಅದಕ್ಕಿಂತ ತುಟ್ಟಿಯಾದ ಹೊತ್ತು ಇನ್ನೊಂದಿಲ್ಲ. ಅರ್ಧ ಗಂಟೆಯೊಳಗೆ, ಸಾಹುಕಾರರು ಪಂಚೆ ತೊಳೆದು ಆರಿಸಿಕೊಳ್ಳುತ್ತಿರುವಾಗಲೇ, ಚಿಮಣಿಯಿಂದ ಕಪ್ಪನೆಯ ಹೊಗೆ ಭುಗಿಲೆಂದು ಎದ್ದು ಆಕಾಶ ಮುಚ್ಚಿತು.

"ಬಂತು! ಬಂತು ನೋಡ್ರಿ! ಗಂಗಾವತಿಯವ್ರದು ಇದರ ಮುಂದ ಊದಿನಕಡ್ಡಿ!" ಎಂದು ಸಾಹುಕಾರರು ಚಾದಂಗಡಿಯಲ್ಲಿದ್ದ ಪೇಡೆಯನ್ನೆಲ್ಲ ಕೊಂಡು ಕಾವಲುಗಾರನಿಂದ ಹಿಡಿದು ಎಲ್ಲರಿಗೂ ಹಂಚಿದರು. ನಿಶ್ಚಯ ಅಲ್ಲೇ ಆಯಿತು. ಮಧ್ಯಾಹ್ನ ಪಾಳಿ ಮುಗಿಸಿ ಹೊರಗೆ ಬಂದ ಹುಡುಗನ ಒಂದು ಕೈಯಲ್ಲಿ ಮೆಮೊ ಇತ್ತು. ಇನ್ನೊಂದು ಕೈಗೆ ಮಾವ ಪೇಡೆ ಕೊಟ್ಟರು.

ಮದುವೆಗೆ ನಮ್ಮ ಮುಖ್ಯ ಇಂಜಿನಿಯರೂ ಬಂದಿದ್ದರು. ಮೈಸೂರು ಕಡೆಯ ಬಿಗುಮುಖದ ಮನುಷ್ಯ, ಆ ಎಣ್ಣೆಯ ಲೆಕ್ಕವನ್ನು ಇನ್ನೂ ಅರಗಿಸಿಕೊಂಡಿರಲಿಲ್ಲ. ಸಾಹುಕಾರರು ಅವರ ಎರಡೂ ಕೈ ಹಿಡಿದುಕೊಂಡರು.

"ನನ್ನ ಸಲುವಾಗಿ ಎಷ್ಟು ಚಂದ ಹೊಗಿ ಬಿಟ್ರಿ ಸಾಹೇಬ್ರ!"

"ಯಜಮಾನ್ರೇ," ಎಂದರು ಅವರು ಹಲ್ಲು ಕಚ್ಚಿ, "ಆ ಹೊಗೆಗೆ ಸುಟ್ಟ ಎಣ್ಣೇಲಿ ಇಂಥ ಹತ್ತು ಮದುವೆ ಮಾಡಬಹುದಿತ್ತು."

"ಹೌದೇನ್ರಿ? ಹಂಗಾರ ಇನ್ನೂ ಒಂಬತ್ತು ಉಳದಾವು!" ಎಂದವರೇ ಸಾಹುಕಾರರು ಹೆಣ್ಣುಮಕ್ಕಳ ಗುಂಪಿನ ಕಡೆ ತಿರುಗಿ ಕೂಗಿದರು. "ಏ ತಂಗಿ, ಬಾರವ್ವ ಇಲ್ಲಿ, ಸಾಹೇಬ್ರ ಕಾಲು ಮುಗಿ. ಈಕಿ ನನ್ನ ಎರಡನೇ ಮಗಳ್ರಿ."