ಒರೆ ತೊಳೆಯುವ ಹೊರೆ

ತೊಂದರೆ ಶುರುವಾದದ್ದು ಒಂದು ತಟ್ಟೆ ಕರಿದ ರೊಟ್ಟಿಯಿಂದ.

ಜೀನು ಹೊಲಿಯುವ ವೆನಾನ್ಸಿಯೊ ಬೆಳಿಗ್ಗೆ ಅಂಗಡಿ ಬಾಗಿಲಲ್ಲಿ ಕೂತಿದ್ದಾಗ ಎರ್ಮಿನಿಯಾ ಬಟ್ಟೆ ಮುಚ್ಚಿದ ತಟ್ಟೆ ಹಿಡಿದು ಬರುವುದು ಕಂಡಿತು. ವೆನಾನ್ಸಿಯೊ ಮೀಸೆ ತಿರುವಿ ಎದ್ದು ನಿಂತ. ತಟ್ಟೆ ಅವನ ಮೂಗಿನ ಮುಂದೆಯೇ ಹಾದು ಪಕ್ಕದ ಎಲಾದಿಯೊನ ಅಂಗಳದೊಳಗೆ ಹೋಯಿತು. ಮತ್ತೆ ಕೂತು ಹೊಲಿಯತೊಡಗಿದವನ ಸೂಜಿ ಚರ್ಮವನ್ನು ಬಿಟ್ಟು ಹೆಬ್ಬೆರಳನ್ನು ಹೊಲಿಯಿತು.

ಎರ್ಮಿನಿಯಾ ಗಂಡನನ್ನು ಕಳೆದುಕೊಂಡವಳು. ಅವಳನ್ನು ಮದುವೆಯಾಗಬೇಕೆಂದು ವೆನಾನ್ಸಿಯೊ ಮೀಸೆಗೆ ಕಪ್ಪು ಹಚ್ಚಿಕೊಂಡು, ಹೊಸ ಟೋಪಿ ಕೊಂಡು, ಧೈರ್ಯವೊಂದು ಬರಲೆಂದು ಕಾಯುತ್ತಿದ್ದ. ಅವಳ ಕುದುರೆಯ ಮೇಲಿದ್ದ ಜೀನು ಅವನೇ ಹೊಲಿದದ್ದು. ಜೀನು ತನ್ನದು, ಜೇನು ಮಾತ್ರ ಎಲಾದಿಯೊನಿಗೆ!

ಅದೂ ಎಂಥ ಕಸುಬಿನವನಿಗೆ? ಎಲಾದಿಯೊ ಊರಿನ ಗಂಡು ಕುದುರೆಗಳ ಒರೆ ತೊಳೆಯುವವನು. ಕತ್ತಿಯ ಒರೆಯಲ್ಲ, ದೇವರು ಕುದುರೆಗೆ ಹೊಟ್ಟೆಯಡಿ ಹೊಲಿದುಕೊಟ್ಟ ಒರೆ. ಅದರೊಳಗೆ ಬೆವರು, ಧೂಳು ಸೇರಿ ಮೇಣದಂಥ ಕೊಳೆ ಕಟ್ಟುತ್ತದೆ. ಹಾಗೇ ಬಿಟ್ಟರೆ ತುದಿಯಲ್ಲಿ ಅವರೆಕಾಳಿನಂತೆ ಗಟ್ಟಿಯಾಗಿ ಕೂತು ಕುದುರೆ ಉಚ್ಚೆ ಹೊಯ್ಯಲು ಒದ್ದಾಡುತ್ತದೆ. ಬೆಚ್ಚಗಿನ ನೀರು, ಮೆದು ಸೋಪು ಎಲ್ಲರ ಮನೆಯಲ್ಲೂ ಇದೆ. ಆದರೆ ಕುದುರೆ ತಾನಾಗಿ ಇಳಿಬಿಡಬೇಕಲ್ಲ! ಅದಕ್ಕೆ ಎಲಾದಿಯೊನ ಶಿಳ್ಳೆ ಬೇಕು. ಕೆಳಗಿನ ಸ್ವರದಲ್ಲಿ ಹೊರಟು, ನಡುವೆ ನಡುಗಿ, ನಿಟ್ಟುಸಿರಿನಂತೆ ಮುಗಿಯುವ ಆ ಶಿಳ್ಳೆಗೆ ಎಂಥ ಬಿಗುಮಾನದ ಕುದುರೆಯೂ ಕಣ್ಣು ಅರೆಮುಚ್ಚಿ ಸಡಿಲವಾಗುತ್ತಿತ್ತು. ಬೇರೆ ಯಾರು ಊದಿದರೂ ಒದೆ.

ಎದುರಿನ ಹೆಂಡದಂಗಡಿಯ ನಿಕಾನೋರ್ 'ಮಾತೆ' ಎಂಬ ಎಲೆಗಷಾಯ ತುಂಬಿದ ಸೋರೆಬುರುಡೆ ಹಿಡಿದು ಬಂದ. ನಮ್ಮ ಕಡೆ ಆ ಬುರುಡೆ ಕೈಯಿಂದ ಕೈಗೆ ಸುತ್ತುವಾಗ ಬುರುಡೆ ಬಿಡುವವರಿಗೆ ಬರವಿಲ್ಲ.

"ಈ ವಾರ ಎರಡ್ನೇ ತಟ್ಟೆ ಕಣೋ. ಅವಳು ತೊಳಿಸ್ಕೊಳ್ತಿರೋದು ಕುದುರೇನೋ, ಮನಸ್ಸೋ?"

"ನನಗೇನಂತೆ!"

"ಹೌದೌದು, ನಿನಗೇನಂತೆ. ಬೆರಳಲ್ಲಿ ರಕ್ತ ಸೋರ್ತಿದೆ, ಒರೆಸ್ಕೊ."

ಅಷ್ಟರಲ್ಲಿ ಗೋಡೆಯಾಚೆಯಿಂದ ಶಿಳ್ಳೆ ಕೇಳಿಸಿತು, ಕಿವಿಯಲ್ಲೇ ಊದಿದಷ್ಟು ಜೋರಾಗಿ. ವೆನಾನ್ಸಿಯೊನ ಹೊಟ್ಟೆಯೊಳಗೆ ಒಲೆ ಹೊತ್ತಿತು. ಒಲೆಯ ಜತೆ ಒಂದು ಉಪಾಯವೂ ಹೊತ್ತಿತು. ಪಾದ್ರಿಗಳ ಸೀನು, ದಫೇದಾರನ ಗೊರಕೆ, ಶಾಲೆಯ ಬಾಗಿಲ ಕಿರ್ರು, ಎಲ್ಲವನ್ನೂ ಅಣಕಿಸಿ ಊರನ್ನು ನಗಿಸುವವನು ತಾನು. ಒಂದು ಶಿಳ್ಳೆ ಯಾವ ಮಹಾ?

ಹಿತ್ತಲಿಗೆ ಹೋಗಿ ತನ್ನ ಮುದಿ ಕುದುರೆಯ ಮುಂದೆ ಊದಿದ. ಕುದುರೆ ಟೋಪಿ ಕಚ್ಚಿತು. ಮತ್ತೆ ಊದಿದ. ಒದೆ ಬಕೆಟ್ಟಿಗೆ ಬಿತ್ತು. ಬಿಡದೆ ಊದಿ ಊದಿ ತುಟಿ ಬೋಂಡದಂತೆ ಊದಿಕೊಂಡ ಮೇಲೆ, ಕುದುರೆ ಒಮ್ಮೆ ಕಣ್ಣು ಅರೆಮುಚ್ಚಿತು.

ಅಂದೇ ಮಧ್ಯಾಹ್ನ ಚೌಕದಲ್ಲಿ ಧ್ವಜವಂದನೆ. ದಫೇದಾರ ಓಲಿವೆರಾ, ಪಾದ್ರಿಗಳು, ಔಷಧಿ ಅಂಗಡಿಯವರು, ಎಲ್ಲರೂ ಕುದುರೆಯೇರಿ ಸಾಲಾಗಿ ನಿಂತಿದ್ದರು. ಮಕ್ಕಳು ಹಾಡು ಮುಗಿಸಿ ಸದ್ದಿಲ್ಲದೆ ನಿಂತ ಗಳಿಗೆಯಲ್ಲಿ, ಎರ್ಮಿನಿಯಾ ಎಲಾದಿಯೊನತ್ತ ನಕ್ಕದ್ದು ವೆನಾನ್ಸಿಯೊನಿಗೆ ಕಂಡಿತು. ಅವನ ತುಟಿ ಅವನ ಮಾತು ಕೇಳಲಿಲ್ಲ.

ಶಿಳ್ಳೆ ಹೊರಟಿತು. ಸಾಲಿಗೆ ಸಾಲೇ ಕುದುರೆಗಳು ಕಣ್ಣು ಅರೆಮುಚ್ಚಿ, ಹಿಂಗಾಲು ಅಗಲಿಸಿ, ಏರಿಸಿದ ಬಾವುಟದ ಮುಂದೆ ತಮ್ಮದನ್ನು ಇಳಿಸಿದವು. ಹಿಂದೆಯೇ ಜಲಪಾತ. ಪಾದ್ರಿಗಳು ಆಕಾಶ ನೋಡಿದರು. ಶಾಲೆಯ ಟೀಚರಮ್ಮ ಮಕ್ಕಳನ್ನು ಹಿಂದಕ್ಕೆ ತಿರುಗಿಸಿ ನಿಲ್ಲಿಸಿದರು.

"ಯಾವನಲೇ ಊದಿದ್ದು?" ದಫೇದಾರ ಗುಡುಗಿದ. "ಎಲಾದಿಯೋ!"

"ಅವನಲ್ಲ ಸ್ವಾಮಿ," ಎಂದ ನಿಕಾನೋರ್. "ಇಲ್ಲೇ ನನ್ನ ಪಕ್ಕ ನಿಂತಿದಾನೆ. ಬಾಯ್ತುಂಬ ರೊಟ್ಟಿ."

ಎಲ್ಲರ ಕಣ್ಣೂ ತಿರುಗಿದವು. ವೆನಾನ್ಸಿಯೊನ ತುಟಿ ಇನ್ನೂ ಗುಂಡಗೇ ಇತ್ತು.

"ಬಿಚ್ಚಿಸಿದೋನೇ ತೊಳ್ದು ಮುಚ್ಚು! ಇಲ್ದಿದ್ರೆ ಲಾಕಪ್ಪು!"

"ಬೈಬೇಡಿ ದಫೇದಾರ್ರೇ," ಎಂದು ಎರ್ಮಿನಿಯಾ ಮುಂದೆ ಬಂದಳು. ಅವಳ ಮುಖ ಹೊಳೆಯುತ್ತಿತ್ತು. "ವೆನಾನ್ಸಿಯೋ, ನಿಮಗೆ ನಿಜವಾಗ್ಲೂ ಈ ವಿದ್ಯೆ ಬರತ್ತಾ? ಅಯ್ಯೋ, ಇಷ್ಟು ದಿನ ಯಾಕ್ರೀ ಬಚ್ಚಿಟ್ಟಿದ್ರಿ! ಸಂಜೆ ನಾನೇ ನೋಡೋಕೆ ಬರ್ತೀನಿ. ರೊಟ್ಟೀನೂ ತರ್ತೀನಿ."

ವೆನಾನ್ಸಿಯೊ ನೆಲ ಮುಟ್ಟದೆ ಮನೆ ಸೇರಿದ.

ಸಂಜೆ ಅವನ ಅಂಗಳದ ಬೇಲಿಗೆ ಊರೇ ಆತುಕೊಂಡಿತ್ತು. ಎಲಾದಿಯೊ ತನ್ನ ಬಕೆಟ್ಟನ್ನೇ ತಂದು ಅವನ ಕೈಗಿಟ್ಟ. "ಇವತ್ತಿಂದ ಇದು ನಿಂದೇ ಮಾರಾಯ. ನಿನ್ನ ಶಿಳ್ಳೆ ಮುಂದೆ ನಾನ್ಯಾವ ಲೆಕ್ಕ?" ಎಂದ. ಸೋತವನ ಮುಖ ಎಷ್ಟು ಚೆಂದ ಎಂದುಕೊಂಡ ವೆನಾನ್ಸಿಯೊ.

ಊದಿದ. ದಫೇದಾರನ ಕುದುರೆ ಸಡಿಲವಾಯಿತು. ತೋಳು ಮಡಚಿ ಕೈ ಒಳಗಿಟ್ಟ ಕೂಡಲೇ ಬಂತು ವಾಸನೆ, ಹುಳಿ ಹಾಲಿನಲ್ಲಿ ಹಳೇ ಬೂಟು ಬೇಯಿಸಿದಂಥದ್ದು. ಬಾಲ ಕೆನ್ನೆಗೆ ಬಾರಿಸಿತು. ಗೊರಸು ಹೊಸ ಟೋಪಿಯನ್ನು ದೋಸೆ ಮಾಡಿತು. ಕರೀ ಕೊಳೆ ಮೊಣಕೈವರೆಗೆ ಇಳಿಯಿತು.

"ಬೆರಳು ಮೆತ್ತಗೆ! ಅದು ಬಂದೂಕಿನ ನಳಿಗೆಯಲ್ಲ!" ದಫೇದಾರ ಕಿರುಚಿದ.

ಎರ್ಮಿನಿಯಾ ನೋಡುತ್ತಿದ್ದಾಳೆಂಬ ಒಂದೇ ಬಲದಿಂದ ವೆನಾನ್ಸಿಯೊ ಉಸಿರು ಕಟ್ಟಿ ತಡಕಿ, ಕೊನೆಗೆ ಆ ಅವರೆಕಾಳನ್ನು ಹೊರತೆಗೆದು ಮುತ್ತು ಸಿಕ್ಕವನಂತೆ ಎತ್ತಿ ಹಿಡಿದ. ಊರು ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಅವಳೇ. ಇದೇ ಸಮಯ ಎಂದು ಅವನು ಅವಳತ್ತ ನಡೆದ.

"ಎರ್ಮಿನಿಯಾ, ನಾನೊಂದು ಮಾತು..."

"ಅಲ್ಲೇ! ಅಲ್ಲೇ ನಿಲ್ಲಿ!" ಅವಳು ಕರವಸ್ತ್ರ ಮೂಗಿಗೊತ್ತಿ ಹಿಂದೆ ಸರಿದಳು. "ನಿಮ್ಮ ಉಪಕಾರ ಜನ್ಮದಲ್ಲಿ ಮರೆಯಲ್ಲ. ಇವರಿಗೆ ನಾನು ಹೇಳ್ತಾನೇ ಇದ್ದೆ. ಆ ಕೈ ನನ್ನ ಊಟದ ಮೇಜಿನ ಮೇಲೆ ಬರೋದು ಬೇಡ, ಕೆಲಸಾನ ಯಾರಿಗಾದ್ರೂ ದಾಟಿಸಿ, ಆಮೇಲೆ ಮದುವೆ ಮಾತು ಅಂತ. ರೊಟ್ಟಿ ಹಿಡ್ಕೊಂಡು ಹೋದಾಗೆಲ್ಲ ಕೇಳೋದೇ ಆಗಿತ್ತು, ಯಾರಾದ್ರೂ ಸಿಕ್ಕಿದ್ರಾ ಅಂತ."

'ಇವರು' ಯಾರೆಂದು ಹುಡುಕಬೇಕಾಗಿರಲಿಲ್ಲ. ಎಲಾದಿಯೊ ತೋಳಿಗೆ ನಿಂಬೆ ಉಜ್ಜಿ, ಬಿಳಿ ಅಂಗಿ ತೊಟ್ಟು, ತಲೆ ಬಾಚಿ ಅವಳ ಪಕ್ಕದಲ್ಲಿ ನಿಂತಿದ್ದ. ತಟ್ಟೆಯಿಂದ ಒಂದು ರೊಟ್ಟಿ ತೆಗೆದು, ಕೈ ನೀಳವಾಗಿ ಚಾಚಿ, ವೆನಾನ್ಸಿಯೊನ ಬಾಯಿಗೆ ತಾನೇ ಇಟ್ಟ. ಬೇಲಿಯಾಚೆ ಪಾದ್ರಿಗಳೂ ಔಷಧಿ ಅಂಗಡಿಯವರೂ ತಮ್ಮ ತಮ್ಮ ಕುದುರೆ ಹಿಡಿದು ಸರದಿ ನಿಲ್ಲುತ್ತಿದ್ದರು.

"ನಿನ್ನಂಥ ಅಣಕುಗಾರ ಪಕ್ಕದ ಮನೇಲಿರೋದು ನನ್ನ ಪುಣ್ಯ ಕಣೋ," ಎಂದು ಎಲಾದಿಯೊ ಮೂಗು ಹಿಡಿದುಕೊಂಡೇ ಪಿಸುಗುಟ್ಟಿದ. "ಕುದುರೆಗೆ ಮೆತ್ತಗೆ ಊದಿದ್ರೂ ಸಾಕು. ವರ್ಷಗಟ್ಟಲೆ ನಿನ್ನ ಗೋಡೆಗೆ ಬಾಯಿಟ್ಟು ಅಷ್ಟು ಜೋರಾಗಿ ಊದಿದ್ದು ಯಾರಿಗೆ ಅಂದ್ಕೊಂಡಿದ್ದೆ?"