ಹಗುರ ಕಣವೂ ಹತ್ತನೆಯ ಹೆಸರೂ

ವಿಶ್ವದಲ್ಲಿ ಯಾರ ಕಣ್ಣಿಗೂ ಬೀಳದ ಕಪ್ಪು ದ್ರವ್ಯವನ್ನು ಮೊತ್ತಮೊದಲು ಪತ್ತೆ ಹಚ್ಚಿದವನು ನಾನು. ಕುಂದಾಪುರದಲ್ಲೇ, ಹಗಲು ಹನ್ನೊಂದೂವರೆಗೆ, ಐದು ಜನ ಸಾಕ್ಷಿಗಳ ಎದುರು.

ಸುಳ್ಳು. ಪತ್ತೆ ಹಚ್ಚಿದ್ದಲ್ಲ, ಹಚ್ಚಿದ ಹಾಗೆ ಮಾಡಿದ್ದು. ಸಾಕ್ಷಿಗಳೂ ಐದಲ್ಲ, ನಾಲ್ಕು. ಹನ್ನೊಂದೂವರೆ ಮಾತ್ರ ಸತ್ಯ, ಗೋಡೆ ಗಡಿಯಾರ ನೋಡಿದ್ದೇನೆ. ಆ ಗಡಿಯಾರ ನಿಂತು ಎಷ್ಟು ದಿನ ಆಗಿತ್ತು ಅಂತ ನೀವು ಕೇಳಬಾರದು. ನಾನು ಕಾಲಿಟ್ಟಲ್ಲೆಲ್ಲ ಇಂಥದ್ದೊಂದು ಎಡವಟ್ಟು ಆಗಿಯೇ ಆಗುತ್ತದೆ. ತಾನಾಗಿ ಆಗದಿದ್ದರೆ ನಾನೇ ಮಾಡುತ್ತೇನೆ.

ನಾನು ಒಂದು ಖಾಸಗಿ ಡಿಗ್ರಿ ಕಾಲೇಜಿನ ಭೌತಶಾಸ್ತ್ರ ಲ್ಯಾಬಿನ ಅಟೆಂಡರ್. ಮೊದಲೆಲ್ಲ ಆ ಲ್ಯಾಬಿನಲ್ಲಿ ಮಕ್ಕಳಿಗೆ ನಿಲ್ಲಲು ಜಾಗ ಇರುತ್ತಿರಲಿಲ್ಲ. ಈಗ ಬೆಂಚಿನ ಮೇಲಿನ ಧೂಳಿನಲ್ಲಿ ನಾನು ಬೆರಳಿನಿಂದ ರಂಗೋಲಿ ಹಾಕುತ್ತೇನೆ. ಎಲ್ಲರಿಗೂ ಕಾಮರ್ಸ್ ಬೇಕು, ಕಂಪ್ಯೂಟರ್ ಬೇಕು. ಹೋದ ವರ್ಷ ಆಡಳಿತ ಮಂಡಳಿ ಕಡ್ಡಿ ಮುರಿದ ಹಾಗೆ ಹೇಳಿತು: ಈ ಸಲ ಹತ್ತು ಮಕ್ಕಳು ಸೇರದಿದ್ದರೆ ಭೌತಶಾಸ್ತ್ರ ಬಂದ್. ಬಂದ್ ಆದರೆ ಅತಿಥಿ ಉಪನ್ಯಾಸಕಿ ಮೇಡಮ್ಮಿನ ಕೆಲಸವೂ ಹೋಯಿತು.

ಮೇಡಂ ದಿನಾ ಬೈಂದೂರಿನಿಂದ ಬಸ್ಸಿನಲ್ಲಿ ಬರುವವರು. ಡಾಕ್ಟರೇಟ್ ಮಾಡಿದ್ದು ಕಪ್ಪು ದ್ರವ್ಯದ ಹಗುರ ಕಣಗಳ ಮೇಲೆ. ಅವರು ಹೇಳುವುದಿಷ್ಟು: ನಕ್ಷತ್ರ, ಗ್ರಹ, ಕಡಲು, ನೀವು, ನಾನು ಎಲ್ಲ ಸೇರಿದರೂ ವಿಶ್ವದ ತೂಕ ಹೊಂದುವುದಿಲ್ಲ. ಕಾಣದ ಏನೋ ಒಂದು ಎಲ್ಲ ಕಡೆ ತುಂಬಿಕೊಂಡಿದೆ. ಅದರ ಕಣ ಭಾರದ್ದಿರಬೇಕು ಅಂತ ನೆಲದಡಿಯ ಗಣಿಗಳಲ್ಲಿ ಕೂತು ವರ್ಷಗಟ್ಟಲೆ ಕಾದರು, ಸಿಗಲಿಲ್ಲ. ಈಗ, ಬಹುಶಃ ತೀರಾ ಹಗುರ ಇರಬಹುದು ಅಂತ ಹುಡುಕುತ್ತಿದ್ದಾರೆ.

ಆಗ ಆರು ಮಕ್ಕಳು ಸೇರಿಯಾಗಿತ್ತು. ಇನ್ನು ನಾಲ್ಕು ಹೆಸರಿಗಾಗಿ ಮೇಡಂ ಊರೂರಿಗೆ ಹೋಗಿ ಈ ಕಣದ ಕಥೆ ಹೇಳಲು ಹೊರಟರು. ಪ್ರೊಜೆಕ್ಟರ್ ಹೊರಲು ನಾನು. ಹೊರುತ್ತಿದ್ದದ್ದು ಅವರೇ, ನಾನು ವಯರ್ ಹಿಡಿದುಕೊಳ್ಳುತ್ತಿದ್ದೆ.

ಕೆರಾಡಿಯಲ್ಲಿ ಕರೆಂಟು

ಕಾಡಿನ ಸೆರಗಿನ ಊರು. ಸಭಾಭವನದ ಕಿಟಕಿಗಳಿಗೆ ಟರ್ಪಾಲು ಕಟ್ಟಿ ಕತ್ತಲೆ ಮಾಡಿದ್ದೆ. ಮೂವತ್ತು ಜನ ಬಂದಿದ್ದರು. ಮೇಡಂ ಪರದೆಯಲ್ಲಿ ಒಂದು ಗ್ಯಾಲಕ್ಸಿ ತೋರಿಸಿ, "ಇದರ ಅಂಚಿನ ನಕ್ಷತ್ರಗಳು ಓಡುವ ವೇಗ ನೋಡಿದರೆ, ಅವು ಯಾವಾಗಲೋ ಹೊರಗೆ ಸಿಡಿದುಹೋಗಬೇಕಿತ್ತು. ಹೋಗಿಲ್ಲ. ಯಾರೋ ಹಿಡಿದುಕೊಂಡಿದ್ದಾರೆ" ಅಂದರು. ಜನ ಆಕಳಿಸಿದರು.

ನನಗೆ ತಡೆಯಲಿಲ್ಲ. ಅವರು "ಕಪ್ಪು ದ್ರವ್ಯ" ಅನ್ನುವುದಕ್ಕೆ ಸರಿಯಾಗಿ ಮೈನ್ ಸ್ವಿಚ್ ಇಳಿಸಿದೆ. ಒಂದು ಕ್ಷಣ ಬಿಟ್ಟು ಪುನಃ ಏರಿಸುವುದು ಅಂತ ಲೆಕ್ಕ. ಏರಿಸಿದೆ. ಬರಲಿಲ್ಲ. ಆ ಒಂದು ಕ್ಷಣದಲ್ಲಿ ಊರಿನದೇ ಕರೆಂಟು ಹೋಗಿತ್ತು.

ಮೇಡಂ ಕತ್ತಲೆಯಲ್ಲೇ ಕೇಳಿದರು, "ಈಗ ನಾನು ನಿಮಗೆ ಕಾಣುವುದಿಲ್ಲ. ಆದರೆ ಇಲ್ಲೇ ಇದ್ದೇನೆ. ಹೇಗೆ ಗೊತ್ತಾಗುತ್ತದೆ?"

ಎದುರು ಸಾಲಿನ ಅಜ್ಜಯ್ಯ ಒಬ್ಬರು, "ಮಾತ್ ನಿಂತಿಲ್ಲೆ ಅಲ್ದಾ, ಹಂಗೆ" ಅಂದರು.

ನಗು ಇಳಿದ ಮೇಲೆ ಮೇಡಂ, "ಸರಿ ಅಜ್ಜಯ್ಯ, ಆದರೆ ಕಪ್ಪು ದ್ರವ್ಯ ಮಾತೂ ಆಡುವುದಿಲ್ಲವಲ್ಲ?" ಅಂದರು.

ಹಿಂದಿನಿಂದ ಹುಡುಗಿಯೊಬ್ಬಳ ಸ್ವರ: "ಮೇಡಂ, ನೀವು ಆಚೀಚೆ ಹೋಪತಿಗೆ ಯಾವ್ದಾರೂ ಕುರ್ಚಿಗ್ ತಾಗ್ತ್ರಿ ಅಲ್ದಾ. ಕುರ್ಚಿ ಅಲ್ಗಾಡಿರೆ ಗೊತ್ತಾತ್ತ್."

ಮೇಡಮ್ಮಿನ ಡಾಕ್ಟರೇಟಿನ ದಪ್ಪ ಪುಸ್ತಕದಲ್ಲಿದ್ದದ್ದೂ ಅದೇ ಅಂತೆ: ಹಗುರ ಕಣ ತಾಗಿದರೆ ದೊಡ್ಡ ಪರಮಾಣು ಅಲುಗಾಡುವುದಿಲ್ಲ, ಬಸ್ಸಿಗೆ ನುಸಿ ತಾಗಿದ ಹಾಗೆ. ಅದರೊಳಗಿನ ಪುಟ್ಟ ಎಲೆಕ್ಟ್ರಾನ್ ಅಲುಗಾಡೀತು, ಅದನ್ನು ಕಾಯಬೇಕು. ಹುಡುಗಿ ಅಲ್ಲೇ ಹೆಸರು ಬರೆಸಿದಳು. ಏಳು.

ಹೊರಡುವಾಗ ಅಜ್ಜಯ್ಯ ನನ್ನ ಕೈ ಹಿಡಿದು ಹೇಳಿದರು, "ಹ್ವಾಯ್, ಪಾಠ ಲಾಯ್ಕ್ ಆಯ್ತ್ ಮರ್ರೆ. ಕರೆಂಟ್ ಇಪ್ಪಲ್ಲಿವರಿಗ್ ಮಾತ್ರ ಎಂತದೂ ಅರ್ಥ ಆಯ್ಲಿಲ್ಲೆ."

ಹಂಗಾರಕಟ್ಟೆಯ ವಾಲಿದ ದೋಣಿ

ಅಳಿವೆಯ ದಂಡೆಯಲ್ಲಿ ದೋಣಿ ಕಟ್ಟುವ ಮೇಸ್ತ್ರಿಯೊಬ್ಬರ ಮಗ ಪಿಯುಸಿ ಮುಗಿಸಿದ್ದ. ಹುಡುಗನಿಗೆ ಮನಸ್ಸಿತ್ತು, ಅಪ್ಪನಿಗೆ ಅನುಮಾನ. ಮೇಸ್ತ್ರಿ ಉಳಿ ಕೆಳಗಿಡದೆ ಕೇಳಿದರು, "ಕಾಂಬುಕಿಲ್ಲೆ, ಮುಟ್ಟೂಕಿಲ್ಲೆ. ಮತ್ತೆ ಇತ್ತ್ ಅಂತ ಹ್ಯಾಂಗ್ ಹೇಳ್ತ್ರಿ?"

"ತೂಕ ಗೊತ್ತಾಗುತ್ತದೆ" ಅಂದರು ಮೇಡಂ.

ಮೇಸ್ತ್ರಿಯ ಮುಖ ಅರಳಿತು. "ಹಂಗ್ ಹೇಳಿ. ಬನ್ನಿ ಇಲ್ಲಿ."

ನೀರಿನಲ್ಲಿ ಹೊಸ ಸಣ್ಣ ದೋಣಿಯೊಂದು ಕಟ್ಟಿಹಾಕಿತ್ತು. ಮುಂಭಾಗಕ್ಕೆ ಹಲಗೆ ಮುಚ್ಚಿತ್ತು, ಒಳಗೆ ಏನೂ ಕಾಣುತ್ತಿರಲಿಲ್ಲ. "ಕಾಣಿ, ಬರೀ ದೋಣಿ. ಆರೆ ಮೂತಿ ಬದಿ ನಾಕ್ ಬೆರ್ಳ್ ಜಾಸ್ತಿ ಕೂತಿತ್ತ್. ನಾನ್ ಕಟ್ಟಿದ್ ದೋಣಿ ಸುಮ್ನೆ ಹಂಗ್ ಕೂರುದಿಲ್ಲ. ಒಳ್ಗ್ ಎಂತದೋ ಇತ್ತ್."

ಮೇಡಂ ಚಿಕ್ಕ ಹುಡುಗಿಯ ಹಾಗೆ ಕೈ ತಟ್ಟಿದರು. "ಇದೇ! ಇಷ್ಟೇ ವಿಷಯ! ಪಾಠ ನೀವೇ ಮಾಡಿದಿರಿ!"

ಮೇಸ್ತ್ರಿ ಇನ್ನೂ ಮುಂದೆ ಹೋದರು. ಭಾರದ ಕಣ ಸಿಗಲಿಲ್ಲ, ಹಗುರದ್ದು ಹುಡುಕುತ್ತಾರೆ ಅಂತ ಕೇಳಿ, "ಅದ್ ಸಮಾ ಇತ್ತ್. ಅಂಜಲ್ ಮೀನ್ ಹಿಡುವ ದೊಡ್ಡ ಕಣ್ಣಿನ ಬಲಿ ಬಿಟ್ಕಂಡ್ ಕಡಲಂಗೆ ಸಣ್ಣ ಚಟ್ಲಿ, ಸಿಗ್ಡಿಯೇ ಇಲ್ಲೆ ಅಂದ್ರೆ ಆತ್ತಾ? ಬಲಿ ಬದ್ಲ್ ಮಾಡ್ಕ್" ಅಂದರು. ಮೇಡಂ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು.

ಆಮೇಲೆ ಕಪ್ಪು ದ್ರವ್ಯ ನೋಡಿಯೇ ಹೋಗೋಣ ಅಂತ ನಾನು ಹಲಗೆ ಎತ್ತಿದೆ. ಒಳಗೆ ಮೇಸ್ತ್ರಿಯ ಹತ್ತಿರ ಮರಗೆಲಸಕ್ಕಿದ್ದ ಹಿರಿಯ ಆಚಾರಿ, ಎದೆಯ ಮೇಲೆ ಕೈಕಟ್ಟಿ, ಬಾಯಿ ತೆರೆದು ಗಾಢ ನಿದ್ರೆಯಲ್ಲಿದ್ದರು. ಬೆಳಿಗ್ಗೆಯಿಂದ ಎಲ್ಲರೂ ಅವರನ್ನೇ ಹುಡುಕುತ್ತಿದ್ದರಂತೆ.

ಮೇಸ್ತ್ರಿ ಮೇಡಮ್ಮಿನ ಕಡೆ ತಿರುಗಿ, "ನಮ್ಮಲ್ಲಿಪ್ಪುದ್ ಭಾರದ್ದೇ ಮೇಡಂ" ಅಂದರು. ಮಗನ ಹೆಸರು ಬರೆಸಿದರು. ಎಂಟು.

ಬ್ರಹ್ಮಾವರ, ಐದು ನಿಮಿಷ

ಬ್ರಹ್ಮಾವರದ ಒಂದು ಮನೆಯಲ್ಲಿ ಕೂತದ್ದು ಐದೇ ನಿಮಿಷ. ಪಿಯುಸಿ ಮುಗಿಸಿದ ಹುಡುಗನ ತಾಯಿ ಎಲ್ಲ ಕೇಳಿ, ಬಹಳ ಮರ್ಯಾದೆಯಿಂದಲೇ ಕೇಳಿದರು, "ನೀವು ಇಷ್ಟೆಲ್ಲ ಓದಿದ್ರಿ ಅಂಬ್ರ್. ಮತ್ತೆ ಈ ಬಿಸ್ಲಂಗೆ ಮನಿ ಮನಿ ತಿರ್ಗುದ್ ಎಂತಕ್ ಮೇಡಂ?"

ಮೇಡಂ ನಕ್ಕರು. ನಾವು ಬೇಗ ಬೇಗ ಹೊರಬಿದ್ದೆವು. ಬಸ್ ಸ್ಟ್ಯಾಂಡಿಗೆ ಬಂದ ಮೇಲೆ ನೋಡುತ್ತೇನೆ, ಅವಸರದಲ್ಲಿ ಆ ಮನೆಯ ಯಜಮಾನರ ಚಪ್ಪಲಿ ಹಾಕಿಕೊಂಡು ಬಂದಿದ್ದೆ. ಇಡೀ ಅಡ್ಮಿಷನ್ ಸೀಸನ್ನಿನಲ್ಲಿ ನಾವು ಎರಡು ಸಲ ಹೋದ ಮನೆ ಅದೊಂದೇ.

ಹಟ್ಟಿಯಂಗಡಿಯ ಅಡುಗೆಮನೆ ಬಾಗಿಲು

ಇಲ್ಲಿ ಇಬ್ಬರು ಹೆಣ್ಣುಮಕ್ಕಳು. ತೆಂಗಿನಕಾಯಿ ವ್ಯಾಪಾರದ ಅಪ್ಪಯ್ಯ. ಕಿರಿಯವಳನ್ನು ಸೇರಿಸುವ ವಿಚಾರ.

"ಆ ಕಣ ಹುಡ್ಕಿರೆ ಸಿಕ್ಕತ್ತಾ?" ಅಂತ ಅಪ್ಪಯ್ಯ ಕೇಳಿದರು.

"ಹೇಳಲು ಬರುವುದಿಲ್ಲ" ಅಂದರು ಮೇಡಂ. ನಾನು ಅವರ ಕಾಲು ತುಳಿದೆ. ಸುಳ್ಳು ಹೇಳಲು ಅಷ್ಟು ಕಷ್ಟಪಡುವವರನ್ನು ನಾನು ಬೇರೆ ನೋಡಿಲ್ಲ.

"ಸಿಕ್ದಿರೆ?"

"ಇನ್ನೂ ಹಗುರದ್ದು ಹುಡುಕುತ್ತೇವೆ."

"ಅದೂ ಸಿಕ್ದಿರೆ?"

"ಅದಕ್ಕಿಂತ ಹಗುರದ್ದು. ತೀರಾ ಹಗುರವಾದರೆ ಅದು ಕಾಳಿನ ಹಾಗೆ ಇರುವುದಿಲ್ಲ, ಅಲೆಯ ಹಾಗೆ ಇರುತ್ತದೆ. ಆಗ ಬೇರೆ ರೀತಿ ಹುಡುಕಬೇಕು."

ಅಪ್ಪಯ್ಯ ತಲೆದೂಗಿದರು. "ಗೊತ್ತಾಯ್ತ್ ಮರ್ರೆ, ಗೊತ್ತಾಯ್ತ್. ದೊಡ್ಡವ್ಳಿಗ್ ಗಂಡ್ ಹುಡ್ಕುದೂ ಹೀಂಗೇ. ಸುರುವಿಗ್ ಡಾಕ್ಟ್ರೇ ಆಯ್ಕ್ ಅಂದ್ವಿ. ಸಿಕ್ಲಿಲ್ಲೆ. ಮತ್ತೆ ಇಂಜಿನಿಯರ್. ಸಿಕ್ಲಿಲ್ಲೆ. ಈಗ ಎಷ್ಟ್ ಹಗುರದ್ದಾರೂ ಅಡ್ಡಿಲ್ಲೆ ಅಂಬಲ್ಲಿಗ್ ಬಂದಿತ್ತ್."

ಅಡುಗೆಮನೆ ಬಾಗಿಲಿನಿಂದ ದೊಡ್ಡವಳ ಸ್ವರ ಬಂತು, "ಅಪ್ಪಯ್ಯಾ, ಆ ಕಣಕ್ ನಾವ್ ಬೇಕಾ ಬ್ಯಾಡ್ದಾ ಅಂತ ಯಾರಾರೂ ಕೇಂಡಿದ್ರಾ?"

ಮೇಡಂ ಎಷ್ಟು ನಕ್ಕರು ಅಂದರೆ ಕಣ್ಣಲ್ಲಿ ನೀರು ಬಂತು. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತ ಮೇಲೂ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದರು. ಅಷ್ಟು ಹೊತ್ತು ಬಾಳುವ ನಗೆಚಟಾಕಿ ಅದಲ್ಲ ಅಂತ ನನಗೂ ಗೊತ್ತಿತ್ತು. ಕಿರಿಯವಳ ಹೆಸರು ಸಿಕ್ಕಿತ್ತು. ಒಂಬತ್ತು.

ಪ್ರಯೋಗ

ಹತ್ತನೆಯ ಹೆಸರು ಸಿಗಲಿಲ್ಲ. ಗಡುವು ಮುಗಿಯಿತು. ಮಂಡಳಿಯ ಅಧ್ಯಕ್ಷರು, ಕಾರ್ಯದರ್ಶಿ, ಪ್ರಿನ್ಸಿಪಾಲರು ಮೂವರೂ ಲ್ಯಾಬ್ ನೋಡಿ ಕೊನೆಯ ಮಾತು ಹೇಳುವುದು ಅಂತ ಆಯಿತು.

ಮೇಡಂ ಒಂದು ಮಾದರಿ ಮಾಡಿಟ್ಟಿದ್ದರು. ಅಮ್ಮನ ಮನೆಯಿಂದ ತಂದ ತಾಮ್ರದ ಹಂಡೆ, ಕೆಟ್ಟುಹೋದ ಸ್ಪೀಕರಿನಿಂದ ಬಿಚ್ಚಿದ ದೊಡ್ಡ ಆಯಸ್ಕಾಂತ, ಒಂದು ಹಳೆಯ ಎಫ್ಎಂ ರೇಡಿಯೋ. ನಿಜವಾದ ಪ್ರಯೋಗಾಲಯಗಳಲ್ಲೂ ಹೆಚ್ಚುಕಡಿಮೆ ಇದೇ ತತ್ವ ಅಂತೆ: ತೀರಾ ಹಗುರ ಕಣಗಳು ಬಲವಾದ ಕಾಂತದ ಎದುರು ಬಂದರೆ ಕ್ಷೀಣವಾದ ರೇಡಿಯೋ ಸ್ವರವಾಗಿ ಬದಲಾಗಬಹುದು. ಅದಕ್ಕೆ ತಾಮ್ರದ ಡಬ್ಬಿಯೊಳಗೆ ಸ್ಟೇಷನ್ ಹುಡುಕುವ ಹಾಗೆ ಮೆಲ್ಲ ಮೆಲ್ಲ ತಿರುಗಿಸುತ್ತಾ ಕಿವಿಗೊಟ್ಟು ಕೂರುವುದು. "ಅಲ್ಲಿ ಎಲ್ಲವನ್ನೂ ಮಂಜುಗಡ್ಡೆಗಿಂತ ಎಷ್ಟೋ ಪಾಲು ತಂಪು ಮಾಡಿರುತ್ತಾರೆ" ಅಂದಿದ್ದರು. ನಮ್ಮಲ್ಲಿ ಫ್ಯಾನೂ ತಿರುಗುತ್ತಿರಲಿಲ್ಲ.

ಆ ದಿನ ಕಾಲೇಜಿನ ಕಾರ್ಡ್‌ಲೆಸ್ ಮೈಕು ನನ್ನ ಅಂಗಿಯ ಕಿಸೆಯಲ್ಲಿತ್ತು. ಆನ್ ಆಗಿತ್ತು, ಎಫ್ಎಂ ರೇಡಿಯೋದಲ್ಲಿ ಅದು ಒಂದು ಸ್ಟೇಷನ್ನಿನ ಹಾಗೆ ಸಿಗುತ್ತದೆ. ಹೇಗೆ ಬಂತು ಅಂತ ಆಮೇಲೆ ವಿಚಾರಣೆಯಲ್ಲಿ ಕೇಳಿದರು. ಮರೆತು ಇಟ್ಟುಕೊಂಡದ್ದು ಅಂದೆ. ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ, ಮೇಡಮ್ಮಿಗೆ ಸಹಾಯ ಆಗಲಿ ಅಂತಲೇ ಇಟ್ಟುಕೊಂಡದ್ದು. ತಮಾಷೆಗೂ ಹೌದು. ಯಾವುದು ಎಷ್ಟು ಪಾಲು ಅಂತ ನನಗೂ ತಿಳಿಯುವುದಿಲ್ಲ.

ಮೇಡಂ ಗುಂಡಿ ತಿರುಗಿಸಿದರು. ಸ್ಸ್ಸ್... ಬರೀ ಗಾಳಿ. "ಇಷ್ಟೇ ಸರ್. ಇದು ಮಾದರಿ ಮಾತ್ರ. ಇಲ್ಲಿ ಏನೂ ಕೇಳಿಸುವುದಿಲ್ಲ" ಅಂತ ಹೇಳಿದ್ದೇ ತಡ, ರೇಡಿಯೋದ ಮುಳ್ಳು ಮೈಕಿನ ಸ್ಟೇಷನ್ನಿಗೆ ಬಂತು. ನಾನು ಒಂದು ಹೆಜ್ಜೆ ಮುಂದೆ ಬಂದೆ. ರೇಡಿಯೋ "ಕುಂಂಂಯ್" ಅಂತ ಊಳಿಟ್ಟಿತು.

ಕಾರ್ಯದರ್ಶಿ ಹಿಂದಕ್ಕೆ ಹಾರಿದರು. ಅಧ್ಯಕ್ಷರು ಹಂಡೆಗೆ ಕೈ ಮುಗಿಯುವುದೊಂದು ಬಾಕಿ. "ಎಂತ ಮೇಡಂ, ಸಿಕ್ಕಿತ್ತಾ! ನಮ್ಮ ಕಾಲೇಜಂಗಾ! ಹ್ವಾಯ್ ಪ್ರಿನ್ಸಿಪಾಲ್ರೆ, ಒಂದ್ ಹೆಸ್ರ್ ಕಮ್ಮಿ ಇದ್ರೆ ಇರ್ಲಿ. ಈ ವರ್ಷ ನಡ್ಸುವ!"

ಅಷ್ಟೇ ಬೇಕಿತ್ತು. ಅಲ್ಲಿಗೆ ಸುಮ್ಮನಿದ್ದಿದ್ದರೆ ಕೆಲಸ ಉಳಿಯುತ್ತಿತ್ತು. ನಾನು ಕಣ್ಣಲ್ಲೇ ಬೇಡಿಕೊಂಡೆ, ಸುಮ್ಮನಿರಿ ಮಾರಾಯ್ತಿ.

"ಸರ್, ಒಂದು ನಿಮಿಷ" ಅಂದರು ಮೇಡಂ. ಆಯಸ್ಕಾಂತವನ್ನು ಎತ್ತಿ ದೂರದ ಬೆಂಚಿನ ಮೇಲಿಟ್ಟರು. "ಕಣವೇ ಆಗಿದ್ದರೆ ಕಾಂತ ತೆಗೆದ ಕೂಡಲೇ ಸ್ವರ ನಿಲ್ಲಬೇಕು." ನಿಲ್ಲಲಿಲ್ಲ. ಕೋಣೆಯನ್ನೆಲ್ಲ ಒಮ್ಮೆ ನೋಡಿದರು. ದೃಷ್ಟಿ ನನ್ನ ಕಿಸೆಯ ಮೇಲೆ ಬಂದು ನಿಂತಿತು.

"ನೀವು ಸ್ವಲ್ಪ ಹೊರಗೆ ಹೋಗಿ."

ಹೋದೆ. ಸ್ಸ್ಸ್.

"ಒಳಗೆ ಬನ್ನಿ."

ಕುಂಂಂಯ್.

"ಹೊರಗೆ."

ಸ್ಸ್ಸ್.

"ಒಳಗೆ."

ನಾಲ್ಕು ಸಲ ಮಾಡಿಸಿದರು. ನಾಲ್ಕನೆಯ ಸಲಕ್ಕೆ ಕಾರ್ಯದರ್ಶಿಯವರು ತಾವೇ ಬಾಗಿಲು ಹಿಡಿದು ನಿಂತು ನನ್ನನ್ನು ಒಳಗೆ ಹೊರಗೆ ಕಳಿಸುತ್ತಿದ್ದರು.

"ಹಂಗಾರೆ ಇದ್ ಕಣ ಅಲ್ದಾ?" ಅಧ್ಯಕ್ಷರ ಸ್ವರ ಇಳಿದಿತ್ತು.

"ಅಲ್ಲ ಸರ್. ಇದು ನಮ್ಮ ಅಟೆಂಡರ್."

ಅಧ್ಯಕ್ಷರು ಕೆಂಪಾದರು. "ಇವ್ರನ್ನ ಇವತ್ತೇ ತೆಗ್ದ್ ಹಾಕಿ!"

ಪ್ರಿನ್ಸಿಪಾಲರು ತಲೆ ತಗ್ಗಿಸಿ, "ಆಗುವುದಿಲ್ಲ ಸರ್. ಇವರು ಪರ್ಮನೆಂಟ್" ಅಂದರು.

ಮೇಡಂ ರೇಡಿಯೋದ ಪ್ಲಗ್ ಕಿತ್ತು, ವಯರ್ ಸುತ್ತುತ್ತಾ ಹೇಳಿದರು, "ಚಿಂತೆ ಬೇಡ ಸರ್. ಟೆಂಪರರಿ ಇರುವವಳು ನಾನು."

ಆ ವಾರವೇ ಆದೇಶ ಬಂತು. ಒಂದು ಹೆಸರು ಕಮ್ಮಿ ಇದ್ದದ್ದಕ್ಕೆ ಬಂದ್ ಆದದ್ದು, ನನ್ನಿಂದಲ್ಲ ಅಂತ ನಾನು ಎಲ್ಲರ ಹತ್ತಿರ ಹೇಳುತ್ತೇನೆ. ಒಂಬತ್ತು ಮಕ್ಕಳು ಒಂಬತ್ತು ಕಡೆ ಹೋದರು. ಮೇಡಂ ಈಗ ಬೈಂದೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಕೊಡುತ್ತಾರೆ. ಹಂಡೆ ತೆಗೆದುಕೊಂಡು ಹೋಗಲು ಬಂದ ದಿನ ನಾನು ಅದನ್ನು ಬಸ್ಸಿಗೆ ಹಾಕಿಕೊಟ್ಟೆ. ಆ ಸಲ ನಿಜವಾಗಿ ನಾನೇ ಹೊತ್ತದ್ದು. ಕ್ಷಮಿಸಿ ಅನ್ನಬೇಕು ಅಂತ ಬಾಯಿ ತೆರೆದೆ. ಅವರೇ ಮೊದಲು ಹೇಳಿದರು, "ಬೇಜಾರು ಮಾಡಿಕೊಳ್ಳಬೇಡಿ ಮಾರಾಯ್ರೆ. ಆ ಲ್ಯಾಬಿನಲ್ಲಿ ನಾಲ್ಕು ಸಲ ಮಾಡಿ ನಾಲ್ಕು ಸಲವೂ ಒಂದೇ ಫಲಿತಾಂಶ ಕೊಟ್ಟ ಪ್ರಯೋಗ ನೀವೊಬ್ಬರೇ."

ಬಸ್ಸು ಹೋಯಿತು. ಈಗ ಇಡೀ ಭೌತಶಾಸ್ತ್ರ ವಿಭಾಗ ಅಂದರೆ ನಾನು. ಬೆಳಿಗ್ಗೆ ಬೀಗ ತೆಗೆಯುತ್ತೇನೆ, ಸಂಜೆ ಹಾಕುತ್ತೇನೆ. ನಡುವೆ ಏನು ನಡೆಯುತ್ತದೆ ಅಂತ ಯಾರಿಗೂ ಕಾಣುವುದಿಲ್ಲ.

ಹೋಗಲಿ ಬಿಡಿ. ಹ್ವಾಯ್, ಈ ಹೋಟೆಲಿನ ದುಡ್ಡಿನ ಗಲ್ಲೆಯಲ್ಲಿ ಕೂತವರು ಆಗಿನಿಂದ ನನ್ನನ್ನೇ ನೋಡುತ್ತಿದ್ದಾರೆ. ನನ್ನ ಚಾದ ದುಡ್ಡೂ ನೀವೇ ಕೊಟ್ಟುಬಿಡಿ. ಒಂದಲ್ಲ, ಎರಡು ಕುಡಿದಿದ್ದೇನೆ. ಮೂರು.