ಹೊಸಬಾಳೆಯ ದೂರದ ನಂಟರು

"ಈ ಸಲ ನಿಮ್ಮಪ್ಪನ ತಲೇಲಿರೋ ಮಂಗನ್ನ ಇಳಿಸದೇ ವಾಪಸು ಬಂದ್ರೆ ನನ್ನ ಹೆಸರು ಶಿವರಾಮನೇ ಅಲ್ಲ!"

ಶಿಕಾರಿಪುರದಿಂದ ಸೊರಬಕ್ಕೆ ಹೊರಟಿದ್ದ ಬಸ್ಸಿನಲ್ಲಿ ಶಿವರಾಮ ಮೇಷ್ಟ್ರು ಹೀಗೆ ಶಪಥ ಮಾಡಿದಾಗ ಮುಂದಿನ ಸೀಟಿನವರು ತಿರುಗಿ ನೋಡಿದರು. ಪಕ್ಕದಲ್ಲಿದ್ದ ಹೆಂಡತಿ ಪ್ರಮೀಳಾ ನೋಡಲಿಲ್ಲ. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರನ್ನು ಕಟ್ಟಿಕೊಂಡ ಮೇಲೆ ಆಕೆ ಇಂಥ ಶಪಥಗಳನ್ನು ಕೇಳಿ ಕೇಳಿ ಪಕ್ವವಾಗಿದ್ದಳು.

"ರೀ, ಮೆಲ್ಲಗೆ. ನಾವು ಹೋಗ್ತಿರೋದು ನನ್ನ ತವರಿಗೆ, ಯುದ್ಧಕ್ಕಲ್ಲ."

"ಅಜ್ಞಾನದ ವಿರುದ್ಧ ಇದು ಯುದ್ಧವೇ!"

ಮೇಷ್ಟ್ರ ರಕ್ತ ಕುದಿಯುವುದಕ್ಕೆ ಕಾರಣವಿತ್ತು. ಹಿಂದಿನ ಸಲ ಹೊಸಬಾಳೆಗೆ ಹೋಗಿದ್ದಾಗ ಮಾವ ಸಣ್ಣಪ್ಪ ನಾಲ್ಕು ಜನರೆದುರು, "ನಮ್ಮ ಅಳಿಯಂದ್ರು ಮಕ್ಕಳಿಗೆ ಮಂಗನ ಪಾಠ ಮಾಡ್ತಾರೆ" ಎಂದು ನಕ್ಕಿದ್ದರು. ಆ ನಗು ಮೇಷ್ಟ್ರ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತ್ತು.

ಅಂದು ಸಂಜೆ ಜಗುಲಿಯ ಮೇಲೆ ಕಾಫಿ ಬಂತು. ಕಾಫಿಯ ಹಿಂದೆಯೇ ಯುದ್ಧವೂ ಬಂತು.

"ಮಾವ, ಮನುಷ್ಯ ಮಂಗನಿಂದ ಹುಟ್ಟಿದ ಅಂತ ವಿಜ್ಞಾನ ಹೇಳೋದೇ ಇಲ್ಲ."

"ಮತ್ತೆ! ನಮ್ಮಜ್ಜ ಬಂದಿದ್ದು ಕುಬಟೂರಿಂದ, ಮಂಗನಿಂದಲ್ಲ. ಅಲ್ಲ ಮಾರಾಯ್ರೆ, ಮಂಗ ಹೋಗಿ ಮನುಷ್ಯ ಆಗಿದ್ರೆ ನಮ್ಮ ಹಿತ್ತಲಲ್ಲಿರೋವು ಯಾಕೆ ಇನ್ನೂ ಮಂಗಗಳೇ? ಅವಕ್ಕೆ ಪ್ರಮೋಷನ್ ಸಿಗ್ಲಿಲ್ವ?"

ಮೇಷ್ಟ್ರು ಕಾಯುತ್ತಿದ್ದುದೇ ಈ ಪ್ರಶ್ನೆಗೆ! ಲೋಟ ಕೆಳಗಿಟ್ಟು ಪಂಚೆ ಸರಿಮಾಡಿಕೊಂಡರು.

"ಕುಬಟೂರಲ್ಲಿ ನಿಮ್ಮ ದೊಡ್ಡಪ್ಪನ ಮಕ್ಕಳಿದಾರಲ್ಲ, ನೀವು ಅವರಿಂದ ಹುಟ್ಟಿದ್ರಾ?"

"ಛೇ, ಅವರಿಂದ ನಾನ್ಯಾಕೆ ಹುಟ್ಲಿ?"

"ನೀವು ಹೊಸಬಾಳೇಲಿ ಬೆಳೆದ್ರಿ ಅಂತ ಅವರು ಅಲ್ಲಿ ಮಾಯ ಆದ್ರಾ? ಇಲ್ಲ. ಇಬ್ಬರಿಗೂ ಅಜ್ಜ ಒಬ್ಬನೇ, ಕವಲು ಬೇರೆ. ಹಾಗೇ ಕೋಟಿಗಟ್ಟಲೆ ವರ್ಷದ ಹಿಂದೆ ಒಂದು ಜೀವಿ ಇತ್ತು. ಅದು ಇವತ್ತಿನ ಮಂಗವೂ ಅಲ್ಲ, ಮನುಷ್ಯನೂ ಅಲ್ಲ. ಅದರ ಒಂದು ಕವಲು ಈ ಮಂಗಗಳು. ಇನ್ನೊಂದು ಕವಲಲ್ಲಿ ಚಿಂಪಾಂಜಿ, ನಾವು, ಎಲ್ಲ. ಚಿಂಪಾಂಜಿ ನಮಗೆ ಹತ್ತಿರದ ದಾಯಾದಿ. ನಿಮ್ಮ ಹಿತ್ತಲಿನ ಮಂಗ ದೂರದ ನಂಟ!"

ದಾಯಾದಿ ಎಂಬ ಮಾತು ಕಿವಿಗೆ ಬಿದ್ದದ್ದೇ ಸಣ್ಣಪ್ಪನವರ ಮೀಸೆ ನಿಗುರಿತು. ಕುಬಟೂರಿನ ದಾಯಾದಿಗಳ ಜೊತೆ ಅವರಿಗೆ ಬದುವಿನ ಜಗಳವಿತ್ತು.

"ಇರೋ ದಾಯಾದಿಗಳೇ ಸಾಕಾಗಿದೆ! ಇನ್ನು ಇವುಗಳ ಹೆಸರನ್ನೂ ಪಹಣೀಲಿ ಸೇರಿಸ್ಬೇಕಾ?"

"ಪಹಣಿ ಬೇಡ ಮಾವ, ಮನಸ್ಸಲ್ಲಿ ಸೇರಿಸ್ಕೊಳ್ಳಿ ಸಾಕು!"

ಮಾವ ಖಾಲಿ ಲೋಟ ಎತ್ತಿಕೊಂಡು ಎದ್ದರು. ಮೇಷ್ಟ್ರು ಜಯಶಾಲಿಯಾಗಿ ಮೀಸೆ ತಿರುವಿದರು. ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅತ್ತೆ ತಿಮ್ಮಮ್ಮ ಮಾತ್ರ, "ಅಯ್ಯೋ ಪಾಪ, ಇಷ್ಟು ದಿನ ನಂಟರಿಗೆ ಕಲ್ಲು ಹೊಡೆದ್ವಲ್ಲ!" ಎಂದು ಲೊಚಗುಟ್ಟಿದರು. ಗೆಲುವಿನ ಅಮಲಿನಲ್ಲಿದ್ದ ಮೇಷ್ಟ್ರಿಗೆ ಆ ಲೊಚಗುಟ್ಟುವಿಕೆ ಕೇಳಿಸಲಿಲ್ಲ. ಕೇಳಿಸಬೇಕಿತ್ತು!

ಶಿಕಾರಿಪುರಕ್ಕೆ ಮರಳಿದ ಕೆಲವೇ ದಿನಗಳಲ್ಲಿ ಪ್ರಮೀಳಾ ಫೋನು ಹಿಡಿದುಕೊಂಡೇ ಬಂದಳು.

"ರೀ, ಅಮ್ಮ ದಿನಾ ಬೆಳಿಗ್ಗೆ ಮಂಗಗಳಿಗೆ ಮಂಡಕ್ಕಿ ಹಾಕ್ತಿದಾಳಂತೆ. ಕೇಳಿದ್ರೆ, ಅಳಿಯಂದ್ರೇ ನಂಟರು ಅಂದಿದಾರೆ ಅಂತಾಳೆ!"

"ನೋಡಿದ್ಯಾ? ವಿಜ್ಞಾನ ಜನರ ಎದೆಗೆ ಇಳಿಯೋದು ಅಂದ್ರೆ ಇದೇ!"

"ಎದೆಗಲ್ಲ, ಹಿತ್ತಲಿಗೆ ಇಳಿದಿದಾವೆ. ಮೊದಲು ಒಂದೋ ಎರಡೋ ಬರ್ತಿದ್ವಂತೆ. ಈಗ ಹಿಂಡುಗಟ್ಟಲೆ!"

"ನಂಟರು ನಂಟರನ್ನ ಕರ್ಕೊಂಡು ಬರ್ತಾರಪ್ಪ!" ಎಂದು ಮೇಷ್ಟ್ರು ಎದೆ ಸೆಟೆಸಿದರು. ಅತ್ತೆಗೆ ಒಂದು ಮಾತು ಬೇಡವೆಂದು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ತಮ್ಮ ಮೊದಲ ಅನುಯಾಯಿಯನ್ನು ಯಾರು ತಾನೇ ಬೈಯುತ್ತಾರೆ!

ಅಷ್ಟರಲ್ಲಿ ಪ್ರಮೀಳಾಳ ತಮ್ಮ ಶರತನಿಗೆ ಒಂದು ಸಂಬಂಧ ಬಂತು. ಶರತ್ ಹೊಸಬಾಳೆಯಲ್ಲೇ ಹಸು ಸಾಕಿ ಡೈರಿಗೆ ಹಾಲು ಹಾಕುವ ಹುಡುಗ. ಹಸುವಿನ ಕೆಲಸ ಎಂದು ಮೂಗು ಮುರಿದು ಎರಡು ಕಡೆಯವರು ಹಿಂದೆ ಸರಿದಿದ್ದರು. ಈ ಸಲ ಹುಡುಗಿಯ ಅಪ್ಪ, ಶಿಕಾರಿಪುರದ ಹತ್ತಿರದ ಜಯಪ್ಪನವರು, ಒಪ್ಪುವ ಲಕ್ಷಣವಿತ್ತು. ಭಾನುವಾರ ಮಧ್ಯಾಹ್ನ ಮನೆ ನೋಡಲು ಬರುತ್ತೇವೆಂದು ಹೇಳಿ ಕಳಿಸಿದ್ದರು.

ಭಾನುವಾರ ಬೆಳಿಗ್ಗೆ ಹೊಸಬಾಳೆಗೆ ಬಂದಿಳಿದದ್ದೇ ಪ್ರಮೀಳಾ ಗಂಡನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದೊಯ್ದಳು.

"ಇವತ್ತು ನಿಮ್ಮ ಬಾಯಲ್ಲಿ ಮಂಗ ಅನ್ನೋ ಮಾತು ಬರಕೂಡದು."

"ಸತ್ಯಕ್ಕೆ ಬೀಗ ಹಾಕ್ತೀಯಾ?"

"ಅವರು ಬೀಗರಾಗೋವರೆಗೆ ಹಾಕ್ತೀನಿ!"

ಹೋಳಿಗೆ, ಚಿತ್ರಾನ್ನ, ಕೋಸಂಬರಿಗಳ ಗಡಿಬಿಡಿಯಲ್ಲಿ ತಿಮ್ಮಮ್ಮ ಅಂದು ಮಂಡಕ್ಕಿ ಹಾಕುವುದನ್ನೇ ಮರೆತರು. ನಂಟರು ಮರೆಯಲಿಲ್ಲ. ಹಿತ್ತಲಲ್ಲಿ ಕಾದು ಕಾದು ಬೇಸತ್ತು ಮನೆಯ ಮಾಡು ಹತ್ತಿ, ಅಡುಗೆಮನೆಯ ನೇರಕ್ಕೆ ಕುಳಿತು ಒಂದೊಂದೇ ಹಂಚು ಎತ್ತತೊಡಗಿದವು. ಹೋಳಿಗೆಯ ತಟ್ಟೆಯ ಮೇಲೆ ಆಕಾಶ ಕಾಣಿಸಿತು!

"ಅಳಿಯಂದ್ರೇ, ನಿಮ್ಮೋರು ಬಂದ್ರು!" ಎಂದು ಸಣ್ಣಪ್ಪ ಕೂಗಿದರು.

"ಯಾರೂ ಹೆದರಬೇಡಿ, ನಾನಿದ್ದೀನಿ!" ಮೇಷ್ಟ್ರು ಗರಿಗರಿ ಪಂಚೆಯನ್ನು ಮೇಲಕ್ಕೆ ಕಟ್ಟಿ, ಕೋಲು ಹಿಡಿದು, ಏಣಿ ಹತ್ತಿ ಮಾಡಿನ ಮೇಲೆ ಪ್ರತ್ಯಕ್ಷರಾದರು. ಒಂದು ಹೆಜ್ಜೆಗೆ ಒಂದು ಹಂಚು ಪಟ್ಟೆಂದಿತು. ಕೆಳಗೆ ಸಣ್ಣಪ್ಪ ಪ್ರತಿ ಸದ್ದಿಗೂ "ಅಯ್ಯೋ" ಎಂದರು. ಮಂಗಗಳು ಗಾಬರಿಯಾಗಲಿಲ್ಲ. ಮೇಷ್ಟ್ರನ್ನು ಮೇಲಿನಿಂದ ಕೆಳಗೆ ನೋಡಿ, ಅವರ ಪಕ್ಕದಿಂದಲೇ ಹಾದು, ಏಣಿಯ ಮೇಲೆ ಒಟ್ಟಿಗೆ ಜಿಗಿದು, ಏಣಿಯನ್ನು ಅಂಗಳಕ್ಕೆ ಉರುಳಿಸಿ, ನೇರವಾಗಿ ಪಡಸಾಲೆಗೆ ನುಗ್ಗಿದವು. ಅಲ್ಲಿ ಎಲೆ ಹಾಕಿ ಬಡಿಸಿತ್ತು!

ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಮಾಡಿನ ತುದಿಯಲ್ಲಿ ನಿಂತು, ಕೋಲು ಎತ್ತಿ, ಇಡೀ ಬೀದಿಗೆ ಕೇಳುವಂತೆ ಗರ್ಜಿಸಿದರು.

"ನಿಮಗೂ ನಮಗೂ ಯಾವ ಸಂಬಂಧವೂ ಇಲ್ಲ! ಉಣ್ಣೋಕೆ ಮಾತ್ರ ಬರ್ತೀರಾ? ನಡೀರಿ, ಬಂದ ದಾರಿ ಹಿಡೀರಿ!"

ಸರಿಯಾಗಿ ಆ ಗಳಿಗೆಯಲ್ಲಿ ಜಯಪ್ಪನವರು ಬಾಳೆಹಣ್ಣಿನ ಚೀಲ ಹಿಡಿದು ಬೇಲಿಯ ಗೇಟು ತೆಗೆದಿದ್ದರು. ಕರೆತರಲು ಹೋಗಿದ್ದ ಶರತ್ ಅವರ ಹಿಂದೆಯೇ ಕಲ್ಲಾಗಿ ನಿಂತ.

"ಏನ್ರೀ ಸಣ್ಣಪ್ಪನೋರೆ! ಸಂಬಂಧ ಬ್ಯಾಡಾಗಿದ್ರ ಫೋನಿನಾಗ ಹೇಳ್ಬೋದಿತ್ತಲ್ರೀ! ಹಿಂಗ ಮನಿ ಮ್ಯಾಲೆ ಜನ ನಿಲ್ಸಿ ಬೈಸೋದಾ?"

"ನಿಮಗಲ್ಲ ಕಣ್ರೀ! ಅವರು ಅಂದಿದ್ದು ಮಂಗಗಳಿಗೆ!"

ಜಯಪ್ಪ ಮಾಡಿನ ಕಡೆ ಕತ್ತೆತ್ತಿದರು. "ಮಂಗ್ಯಾ ಎಲ್ಲೈತ್ರೀ? ಮ್ಯಾಲೆ ಇವ್ರೊಬ್ರೇ ಕಾಣ್ತಾರ!"

"ಅವರು ನಮ್ಮ ಅಳಿಯ!"

ಆಗ ಒಂದು ಮಂಗ ಎರಡು ಕೈಯಲ್ಲೂ ಹೋಳಿಗೆ ಹಿಡಿದು ಒಳಗಿನಿಂದ ಬಂದು, ಜಯಪ್ಪನವರ ಎದುರೇ ಜಗುಲಿಯ ಮೇಲೆ ಕುಳಿತು ತಿನ್ನತೊಡಗಿತು. ಜಯಪ್ಪನವರ ಕೋಪ ಅರ್ಧ ಇಳಿಯಿತು, ಅನುಮಾನ ಇಳಿಯಲಿಲ್ಲ.

"ಅಲ್ರೀ, ಮಂಗ್ಯಾಗ ಸಂಬಂಧ ಇಲ್ಲ ಅಂತ ಯಾರಾದ್ರೂ ಹೇಳ್ತಾರೇನು?"

"ಇದೆ ಅಂತ ಹೇಳಿದ್ದೂ ಅವರೇ ಕಣ್ರೀ," ಎಂದರು ತಿಮ್ಮಮ್ಮ ನೊಂದುಕೊಂಡು.

ಪ್ರಮೀಳಾ ಮೇಲೆ ನೋಡಿ ಕೈಮುಗಿದಳು. ವ್ಯರ್ಥ! ಬೀಗ ಆಗಲೇ ಮುರಿದಿತ್ತು.

"ಇದೆ! ಸಿಟ್ಟಲ್ಲಿ ಇಲ್ಲ ಅಂದೆ, ಆದ್ರೆ ಇದೆ!" ಮೇಷ್ಟ್ರು ಮಾಡಿನ ಮೇಲಿಂದಲೇ ಪಾಠ ಶುರುಮಾಡಿದರು. "ಹೆಣ್ಣು ಕೊಟ್ರೆ ಕೊಡಿ, ಬಿಟ್ರೆ ಬಿಡಿ, ಸತ್ಯ ಸತ್ಯವೇ! ಮಂಗ ನಮ್ಮ ಅಜ್ಜ ಅಲ್ಲ. ಇಬ್ಬರಿಗೂ ಒಂದೇ ಮೂಲ, ಅಷ್ಟೇ! ಮಂಗ ಮನುಷ್ಯ ಆಗೋಕೆ ಕ್ಯೂ ನಿಂತಿಲ್ಲ, ಅದರ ದಾರಿ ಅದಕ್ಕೆ, ನಮ್ಮದು ನಮಗೆ!" ಒಂದೊಂದು ಮಾತಿಗೆ ಒಂದೊಂದು ಹಂಚು ಪಟ್ಟೆನ್ನುತ್ತಿತ್ತು. ಶರತ್ ಮುಖ ಮುಚ್ಚಿಕೊಂಡು ಕೊಟ್ಟಿಗೆಗೆ ಹೋಗಿ ಹಸುವಿನ ಪಕ್ಕ ನಿಂತ. ಮೂರನೆಯ ಸಂಬಂಧವೂ ಹೋಯಿತೆಂದು ಅವನಿಗೆ ಖಾತ್ರಿಯಾಗಿತ್ತು.

ಪಾಠ ಮುಗಿಯಿತು. ಜಯಪ್ಪ ನೋಯುತ್ತಿದ್ದ ಕತ್ತನ್ನು ಉಜ್ಜಿಕೊಂಡರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ನಮ್ಮ ಹುಡುಗೀನೂ ಬಿ.ಎಸ್ಸಿ. ಮಾಡ್ಯಾಳ್ರೀ. ದಿನಾ ಇದೇ ಮಾತು ಹೇಳಿ ನನ್ನ ತಲಿ ತಿಂತಾಳ. ಈ ಮನಿಗೆ ಕೊಟ್ರ ಮೇಷ್ಟ್ರ ಪಾಠಕ್ಕ ಅಕಿ, ಅಕೀ ಪಾಠಕ್ಕ ಮೇಷ್ಟ್ರು. ನಾನು ಪಾರು! ಹುಡುಗನ್ನ ಕರೀರಿ, ನನಗ ಒಪ್ಪಿಗಿ."

"ಕೇಳಿದ್ರಾ ಮಾವ?" ಮೇಷ್ಟ್ರು ಮೇಲಿಂದ ಕೋಲು ಬೀಸಿದರು. "ಈಗಾದ್ರೂ ನೀವು ಒಪ್ತೀರೋ ಇಲ್ವೋ?"

"ಒಪ್ಪಿದೆ ಮಾರಾಯ್ರೆ, ಒಪ್ಪಿದೆ! ಉಳಿದಿರೋ ಹಂಚು ಒಡೀಬೇಡಿ, ಇಳೀರಿ!"

ಶರತ್ ಓಡಿಬಂದು ಏಣಿ ನಿಲ್ಲಿಸಿದ. ಮೇಷ್ಟ್ರು ಠೀವಿಯಿಂದ ಒಂದು ಕಾಲು ಕೆಳಗೆ ಬಿಟ್ಟರು. ಮೆಟ್ಟಿಲು ಸಿಗಲಿಲ್ಲ. ಬಗ್ಗಿ ನೋಡಿದರು. ಅಂಗಳ ಪಾತಾಳದಲ್ಲಿತ್ತು. ಬಿಟ್ಟ ಕಾಲನ್ನು ಮೇಲಕ್ಕೆಳೆದುಕೊಂಡು, ಎರಡು ಕೈಯಲ್ಲೂ ಮಾಡಿನ ತುದಿಯನ್ನು ತಬ್ಬಿ ಕುಳಿತುಬಿಟ್ಟರು. ಎಲ್ಲರೂ ಕಾದರು. ಹೋಳಿಗೆ ಮುಗಿಸಿದ ಮಂಗವೂ ಹೋಗುವ ಮುನ್ನ ಒಮ್ಮೆ ತಲೆಯೆತ್ತಿ ನೋಡಿತು.

ಕೊನೆಗೆ ಪ್ರಮೀಳಾ ಏಣಿಯ ಬುಡಕ್ಕೆ ಬಂದಳು.

"ರೀ, ನಮ್ಮ ಹಿರೀಕರು ಮರದಿಂದ ಇಳಿದು ಲಕ್ಷಾಂತರ ವರ್ಷ ಆಯ್ತು ಅಂತ ಪಾಠ ಮಾಡ್ತೀರಲ್ಲ?"

"ಹೌದು! ಅದರಲ್ಲಿ ಏನು ಅನುಮಾನ?" ಮೇಲಿಂದ ನಡುಗುವ ದನಿಯಲ್ಲೂ ಸವಾಲೇ ಬಂತು.

"ಅನುಮಾನ ಏನಿಲ್ಲ. ನಿಮಗೆ ಇಳಿಯೋಕೆ ಎಷ್ಟು ವರ್ಷ ಬೇಕು ಅಂತ ಹೇಳಿ. ಅಷ್ಟರೊಳಗೆ ನಾವು ಬೀಗರಿಗೆ ಊಟ ಮುಗಿಸಿಬಿಡ್ತೀವಿ!"